ಕರೆಯುವ ಮೊದಲೇ ಕಳುಹಿಸಿದ್ದು

ನಮ್ಮ ಮನೆಯ ಉಪ್ಪಿನ ಮರಿಗೆಗೆ ಮುಚ್ಚಳವಾಗಿದ್ದದ್ದು ನನ್ನ ಸ್ಲೇಟು. ಹಟ್ಟಿಯಂಗಡಿಯ ಗದ್ದೆ ಬೈಲಿನ ಅಂಚಿಗಿದ್ದ ಆ ಹಂಚಿನ ಮನೆಯ ಅಡುಗೆ ಕೋಣೆ ಹಗಲಲ್ಲೂ ಕತ್ತಲೆ. ಒಲೆಯ ಪಕ್ಕದ ಮೂಲೆಯಲ್ಲಿ ಮರದ ಮರಿಗೆ, ಅದರೊಳಗೆ ಕಲ್ಲುಪ್ಪು, ಮೇಲೆ ಸ್ಲೇಟು. ನಾಲ್ಕನೆಯ ತರಗತಿಗೆ ನನ್ನ ಶಾಲೆ ಬಿಡಿಸಿದ ಮೇಲೆ ಅಬ್ಬಿ, ಎಂದರೆ ನಮ್ಮ ಅಮ್ಮ, ಅದನ್ನು ಎಸೆಯಲಿಲ್ಲ. ಅವಳು ಯಾವುದನ್ನೂ ಎಸೆಯುವವಳಲ್ಲ. ಗಂಜಿಗೆ ಉಪ್ಪು ಹಾಕುವಾಗಲೆಲ್ಲ ನಾನು ಆ ಸ್ಲೇಟನ್ನು ಎತ್ತಿ ಕೆಳಗಿಡಬೇಕಿತ್ತು, ಮತ್ತೆ ಮುಚ್ಚಬೇಕಿತ್ತು. ಉಪ್ಪಿನ ನೀರು ಕುಡಿದು ಅದರ ಮರದ ಚೌಕಟ್ಟು ಬೆಳ್ಳಗಾಗಿತ್ತು. ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ನನ್ನ ಅಣ್ಣ ಶೀನ ನಾಲ್ಕು ಜನರ ಎದುರು ಬಾಯಿ ತೆರೆಯದೆ ಇಡೀ ಬದುಕು ಕಳೆದ. ಅವನ ಬಾಯಿ ಮುಚ್ಚಿಸಿದವಳು ನಾನು. ಮುಚ್ಚಿಸುವಾಗ ನನ್ನ ಹೊಟ್ಟೆಯಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದರೆ ಆ ಸ್ಲೇಟನ್ನು ತೋರಿಸಬಹುದು. ತೋರಿಸಿದ ಮಾತ್ರಕ್ಕೆ ತಪ್ಪು ಕಡಿಮೆಯಾಗುವುದಿಲ್ಲ ಎಂಬುದೂ ನನಗೆ ಗೊತ್ತು. ಓದಿದ್ದು ಕಡಿಮೆಯಾದ್ದರಿಂದ ನನ್ನ ಬರಹದಲ್ಲಿ ಒತ್ತಕ್ಷರ ತಪ್ಪುತ್ತದೆ. ತಪ್ಪಿದಲ್ಲಿ ಮಗಳು ತಿದ್ದಿದ್ದಾಳೆ. ವಿಷಯ ತಿದ್ದಲು ನಾನು ಬಿಟ್ಟಿಲ್ಲ.

ಶೀನಣ್ಣ ನನಗಿಂತ ಒಂದು ತರಗತಿ ಮುಂದಿದ್ದ. ನೋಡಲು ಚಂದದ ಹುಡುಗ, ಗಟ್ಟಿ ದನಿ. ಕೆರೆಯ ಆಚೆಯಿಂದ ಅವನು ಕರೆದರೆ ಹಟ್ಟಿಯಲ್ಲಿದ್ದ ಕರು ಕಿವಿ ನಿಮಿರಿಸುತ್ತಿತ್ತು. ಆದರೆ ಒಂದರ ಹಿಂದೆ ಒಂದು ಬರುವ ಯಾವುದೂ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ವಾರಗಳ ಹೆಸರು ಗೊತ್ತು, ಬುಧವಾರದ ನಂತರ ಯಾವುದೆಂದರೆ ಗೊತ್ತಿಲ್ಲ. ಅಕ್ಷರಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದ, ಮೂರು ಒಟ್ಟಿಗೆ ನಿಂತರೆ ಅವು ಅವನ ಕಣ್ಣೆದುರೇ ಜಾಗ ಬದಲಿಸುತ್ತಿದ್ದವು. ಅಂಗಿಯ ಗುಂಡಿಗಳು ಯಾವಾಗಲೂ ಒಂದು ಮೇಲೆ ಒಂದು ಕೆಳಗೆ. ಬೆಲ್ಲ, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ ಎಂದು ಅಂಗಡಿಗೆ ಕಳಿಸಿದರೆ ಬೆಲ್ಲ ತಂದು ಅಂಗಳದಲ್ಲಿ ನಿಂತು ಅಳುತ್ತಿದ್ದ. ಉಳುವಾಗ ಅಪ್ಪಯ್ಯ ‘ಎಡಕ್ಕೆ’ ಎಂದು ಕೂಗಿದರೆ ಅವನು ಒಂದು ಕ್ಷಣ ನಿಂತು ತುತ್ತು ಬಾಯಿಗಿಡುವ ಹಾಗೆ ಕೈ ಎತ್ತುತ್ತಿದ್ದ. ಉಣ್ಣುವ ಕೈ ಯಾವುದೆಂದು ನೋಡಿಕೊಂಡು, ಅದಲ್ಲದ್ದು ಎಡ ಎಂದು ತಿಳಿಯುವುದು ಅವನೇ ಕಂಡುಕೊಂಡ ಉಪಾಯ. ಅಷ್ಟರಲ್ಲಿ ಕೋಣಗಳು ಅಂಚು ದಾಟಿರುತ್ತಿದ್ದವು. ಕೆಲಸದವರು ನಗುತ್ತಿದ್ದರು.

‘ಶೀನಂಗೆ ಗದ್ದಿಯಲ್ಲೇ ಹಸಿವಾತ್ತ್ ಕಾಣಿ, ಗಾಳಿಯೇ ಉಂಬ್ದ್!’

ಅಪ್ಪಯ್ಯ ನಗುತ್ತಿರಲಿಲ್ಲ. ಹೊಡೆಯಲು ಹುಣಸೆಯ ಅಡರು ಮುರಿಯುತ್ತಿದ್ದರು. ಅಪ್ಪಯ್ಯ ಕೆಟ್ಟವರಲ್ಲ. ಸೋಮಾರಿತನ ಬಿಟ್ಟರೆ ಬೇರೆ ಕಾರಣ ಇರಬಹುದೆಂದು ಅವರಿಗೆ ಹೇಳಿದವರಿಲ್ಲ. ಹೊಡೆದ ದಿನ ಅವರೂ ಉಣ್ಣುತ್ತಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಮಕ್ಕಳು ಜಗಲಿಯಲ್ಲಿ ಕೂತು ಬಾಯಿಪಾಠ ಹೇಳಬೇಕು. ವಾರ, ತಿಂಗಳು, ನಕ್ಷತ್ರ, ಮಗ್ಗಿ. ಅಪ್ಪಯ್ಯ ಆರಾಮಕುರ್ಚಿಯಲ್ಲಿ, ಅಜ್ಜಿ ಬಾಗಿಲ ಹತ್ತಿರ ಕಾಲು ನೀಡಿಕೊಂಡು ಎಲೆಅಡಿಕೆ ಕುಟ್ಟುತ್ತಾ. ಒಂದು ಸಂಜೆ ಶೀನಣ್ಣ ‘ಚೈತ್ರ, ವೈಶಾಖ’ ಎಂದವನು ನಿಂತುಬಿಟ್ಟ. ಅಪ್ಪಯ್ಯನ ಕೈ ಅಡರಿನ ಕಡೆ ಹೋದದ್ದನ್ನು ನಾನು ನೋಡಿದೆ. ನಾನು ಕಂಬದ ಹಿಂದೆ ಬತ್ತಿ ಹೊಸೆಯುತ್ತಿದ್ದೆ. ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ‘ಜ್ಯೇಷ್ಠ’ ಎಂದೆ. ಅವನು ‘ಜ್ಯೇಷ್ಠ’ ಎಂದ. ನಾನು ‘ಆಷಾಢ’ ಎಂದೆ. ಹಾಗೆ ಫಾಲ್ಗುಣದವರೆಗೆ ಕೈ ಹಿಡಿದು ಕಾಲುಸಂಕ ದಾಟಿಸಿದ ಹಾಗೆ ದಾಟಿಸಿದೆ. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ಹೇಳಿದಳು.

‘ಕಾಣ್ ಮಗಾ, ಮಾಣಿಗೆ ಬತ್ತ್. ನೀ ಸುಮ್ನೆ ಹೊಡಿತೆ.’

ಅಂದಿನಿಂದ ಅದು ನಮ್ಮಿಬ್ಬರ ಕೆಲಸವಾಯಿತು. ಎಲ್ಲಿಯೂ ಮಾತಾಡಿ ಒಪ್ಪಿಕೊಂಡದ್ದಲ್ಲ. ಅವನು ನಿಂತಾಗ ತಲೆಯನ್ನು ಒಂಚೂರು ನನ್ನ ಕಡೆ ತಿರುಗಿಸುತ್ತಿದ್ದ, ನಾನು ಮುಂದಿನದ್ದನ್ನು ಹೇಳುತ್ತಿದ್ದೆ. ಅಂಗಡಿಗೆ ಹೊರಟರೆ ಕೆರೆಯ ತನಕ ಹೋಗಿ ಮತ್ತೊಮ್ಮೆ ಹೇಳಿ ಬರುತ್ತಿದ್ದೆ. ಊಟಕ್ಕೆ ಕೂತಾಗ ಮೀನಿನ ನಡುತುಂಡನ್ನು ಅವನ ಬಟ್ಟಲಿಗೆ ಹಾಕುವುದು ಅಬ್ಬಿಯ ರೂಢಿ. ಅವನು ಅದನ್ನು ಯಾರೂ ನೋಡದಾಗ ನನ್ನ ಗಂಜಿಯ ಅಡಿಗೆ ತಳ್ಳುತ್ತಿದ್ದ. ಅವನು ಸಾಲ ಇಟ್ಟುಕೊಳ್ಳುವವನಲ್ಲ.

ಐದನೆಯದರಲ್ಲಿ ಅವನು ಫೇಲಾದ. ನಾನು ನಾಲ್ಕನೆಯದನ್ನು ಪಾಸಾಗಿದ್ದೆ, ಅದೂ ಮೇಷ್ಟ್ರು ಮನೆಗೇ ಬಂದು ಹೇಳಿಹೋಗುವಷ್ಟು ಚೆನ್ನಾಗಿ. ಅಂದರೆ ಮುಂದಿನ ವರ್ಷ ನಾವಿಬ್ಬರೂ ಒಂದೇ ತರಗತಿ. ಇದು ನನ್ನ ತಲೆಗೆ ಸಂತೋಷವಾಗಿಯೇ ಹೊಳೆದಿತ್ತು. ಹತ್ತಿರವೇ ಕೂತರೆ ಶಾಲೆಯಲ್ಲೂ ಹೇಳಿಕೊಡಬಹುದಲ್ಲ ಎಂದು. ಅಪ್ಪಯ್ಯ ಬೇರೆ ಲೆಕ್ಕ ಹಾಕಿದ್ದರು. ಗಂಜಿ ಉಣ್ಣುತ್ತಾ, ನನ್ನ ಮುಖ ನೋಡದೆ, ಅಬ್ಬಿಗೆ ಹೇಳಿದರು.

‘ಪದ್ದು ಇನ್ ಸಾಲಿಗ್ ಹೋಪ್ದ್ ಬೇಡ. ಅಣ್ಣ ತಂಗಿ ಒಂದೇ ತರಗತಿ ಆದ್ರೆ ಅವನ ಮರ್ಯಾದಿ ಎಂತ ಆತ್ತ್?’

‘ಹೆಣ್ಣ್ ಚಲೋ ಓದ್ತಳ್ ಅಂದ್ರಲ್ಲ ಮೇಷ್ಟ್ರ್...’ ಎಂದು ಅಬ್ಬಿ ಶುರುಮಾಡಿದಳು.

‘ಅದ್ಕೇ ಬೇಡ ಅಂದದ್.’

ಮಾರನೆಯ ವಾರ ಸ್ಲೇಟು ಮರಿಗೆಯ ಮೇಲೆ ಇತ್ತು. ಮುಂದೆ ಪ್ರತಿ ಬೆಳಿಗ್ಗೆ ನಾನು ಹಟ್ಟಿಯ ಸಗಣಿ ಬಾಚುವ ಹೊತ್ತಿಗೆ ಮಕ್ಕಳೆಲ್ಲ ಗದ್ದೆಯ ಅಂಚಿನಲ್ಲಿ ಸಾಲಾಗಿ ಶಾಲೆಗೆ ಹೋಗುತ್ತಿದ್ದರು. ಸಾಲಿನ ಕೊನೆಗೆ ಶೀನಣ್ಣ, ಕುತ್ತಿಗೆ ಬಗ್ಗಿಸಿಕೊಂಡು. ಹೋಗಲಾರೆ ಎಂದು ಅಳುವವನನ್ನು ಅಟ್ಟುತ್ತಿದ್ದರು, ಹೋಗುತ್ತೇನೆ ಎಂದು ಅಳುವವಳನ್ನು ಕಟ್ಟಿಹಾಕಿದ್ದರು. ಒಂದೇ ಮನೆಯ ಎರಡು ಮಕ್ಕಳು ಒಂದೇ ಬೆಳಿಗ್ಗೆ ಎರಡು ಕಡೆ ಅಳುವುದನ್ನು ನೋಡಿ ಅಜ್ಜಿ, ಇದ್ಯಾವ ಗ್ರಹಚಾರ ಎಂದು ಹಣೆ ಒತ್ತಿಕೊಳ್ಳುತ್ತಿದ್ದಳು. ನಾನು ಅವನಿಗೆ ಹೇಳಿಕೊಡುವುದನ್ನು ಬಿಡಲಿಲ್ಲ. ಆದರೆ ಬತ್ತಿ ಹೊಸೆಯುವ ಬೆರಳು ಬಿಗಿಯಾಗುತ್ತಾ ಬಂದಿತ್ತು.

ಆ ವರ್ಷದ ದೀಪಾವಳಿಗೆ ಅಪ್ಪಯ್ಯನ ಗಂಟಲು ಕಟ್ಟಿತು. ಜ್ವರ ಬಿಟ್ಟರೂ ದನಿ ಹೊರಡಲಿಲ್ಲ. ನಮ್ಮ ಕಡೆ ಪಾಡ್ಯದ ಸಂಜೆ ಗದ್ದೆಗೆ ದೀಪ ಇಡುವುದಿದೆ. ಕೋಲಿಗೆ ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿ ಹೊತ್ತಿಸಿ, ಗದ್ದೆಯಲ್ಲಿ ಊರಿ, ಅವಲಕ್ಕಿ ಹೂವು ಇಟ್ಟು ಬಲೀಂದ್ರನನ್ನು ಕೂಗಿ ಕರೆಯಬೇಕು. ಕರೆಯುವ ಮಾತು ಊರಿಂದೂರಿಗೆ ಸ್ವಲ್ಪ ಬೇರೆ, ಕ್ರಮ ಮಾತ್ರ ಒಂದೇ. ಮೊದಲು ದೊರೆಯ ಹೆಸರು ಹಿಡಿದು ಬಾ ಎನ್ನಬೇಕು. ಆಮೇಲೆ ಈ ಗದ್ದೆ, ಈ ಬೆಳೆ ನಿನ್ನದು ಎಂದು ಒಪ್ಪಿಸಬೇಕು. ಕೊನೆಗೆ, ಹೋಗಿ ಬಾ, ಮುಂದಿನ ವರ್ಷ ಮತ್ತೆ ಬಾ ಎಂದು ಕಳಿಸಬೇಕು. ಕಳಿಸಿದ ಮೇಲೆ ಉದ್ದಕ್ಕೆ ‘ಕೂ’. ಒಂದು ಗದ್ದೆಯ ಕೂಗಿಗೆ ಪಕ್ಕದ ಗದ್ದೆಯವರು ಕೂ ಕೊಡುತ್ತಾರೆ, ಅವರದಕ್ಕೆ ಆಚೆಯವರು. ಇಡೀ ಬೈಲು ಆ ಹೊತ್ತಿಗೆ ಕಿವಿಯಾಗಿರುತ್ತದೆ. ಯಾರ ಮನೆಯ ಗಂಡಸು ಹೇಗೆ ಕರೆದ ಎಂಬುದು ಮಾರನೆಯ ದಿನದ ಮಾತು.

‘ಶೀನ ಕರೀಲಿ. ಇನ್ ಅವನೇ ಅಲ್ದಾ ಕರಿಯೂಕೆ ಇಪ್ಪ್ದ್’ ಎಂದು ಅಜ್ಜಿ ಹೇಳಿದಳು. ಅಪ್ಪಯ್ಯ ಒಲ್ಲದ ಮನಸ್ಸಿನಿಂದ ಆಗಲಿ ಎಂದು ತಲೆಯಾಡಿಸಿದರು.

ಶೀನಣ್ಣನಿಗೆ ಹಬ್ಬದ ಜ್ವರವೇ ಬಂತು. ದಿನಾ ಹಟ್ಟಿಯಲ್ಲಿ ನನ್ನೆದುರು ಅಭ್ಯಾಸ. ದನಿ ಇದೆ, ಮಾತು ಇದೆ, ಯಾವುದರ ನಂತರ ಯಾವುದು ಎಂಬುದು ಮಾತ್ರ ಇಲ್ಲ. ಕಡೆಗೆ ನಾನೇ ಹೇಳಿದೆ.

‘ಹೆದ್ರಬೇಡ ಅಣ್ಣ. ಅವಲಕ್ಕಿ ಬುಟ್ಟಿ ಹೊತ್ಕಂಡ್ ನಾನ್ ನಿನ್ ಹಿಂದೇ ಇರ್ತೆ. ನೀ ನಿಂತಲ್ಲಿ ನಾನ್ ಹೇಳ್ತೆ.’

‘ದೇವ್ರಾಣೆಗೂ ಹೇಳ್ತ್ಯಾ?’

‘ಹೇಳ್ತೆ ಮಾರಾಯ.’

ಪಾಡ್ಯದ ಬೆಳಿಗ್ಗೆ ದನಗಳನ್ನು ಮೀಯಿಸಿ, ಅವಕ್ಕೆ ಹೂವಿನ ಮಾಲೆ ಹಾಕಿ, ಅರಿಶಿನ ಎಲೆಯ ಗಟ್ಟಿ, ಎಂದರೆ ಕಡುಬು, ತಿನ್ನಿಸಿ ಆಗಿತ್ತು. ಕುಂದಾಪುರದಿಂದ ಚಿಕ್ಕಯ್ಯ ಬಂದಿದ್ದರು. ಊಟಕ್ಕೆ ಕೂತಾಗ ಅವರು, ಶೀನನನ್ನು ಮುಂದಿನ ವರ್ಷ ನಮ್ಮಲ್ಲಿಗೆ ಕಳಿಸಿ, ಪೇಟೆಯ ಶಾಲೆಗೆ ಸೇರಿಸುವ, ಇಲ್ಲಿಯ ಮೇಷ್ಟ್ರಿಗೆ ಕಲಿಸಲು ಬರುವುದಿಲ್ಲ ಎಂದರು. ನನ್ನ ಕೈಯಲ್ಲಿ ಪಾಯಸದ ಪಾತ್ರೆ ಇತ್ತು. ಎಲ್ಲಿಂದ ಧೈರ್ಯ ಬಂತೋ, ಕೇಳಿಬಿಟ್ಟೆ.

‘ಚಿಕ್ಕಯ್ಯ, ನಾನೂ ಬತ್ತೆ. ಇಬ್ರೂ ಒಟ್ಟಿಗೇ ಓದ್ತ್.’

ಚಿಕ್ಕಯ್ಯ ನಗಾಡಿದರು. ಅಪ್ಪಯ್ಯ ದನಿಯಿಲ್ಲದ ಗಂಟಲಲ್ಲಿ ಏನೋ ಗೊರಗೊರ ಎಂದರು. ಚಿಕ್ಕಯ್ಯನ ನಗು ನನಗೆ ತಾಗಲಿಲ್ಲ, ಅದು ಗೊತ್ತಿದ್ದದ್ದೇ. ಶೀನಣ್ಣ ಬಾಳೆಲೆಯಿಂದ ತಲೆ ಎತ್ತದೆ ಹೇಳಿದ ಮಾತು ತಾಗಿತು.

‘ಪದ್ದು ಬತ್ತಳ್ ಅಂದ್ರೆ ನಾ ಹೋತಿಲ್ಲ.’

ಅವನು ಹಾಗೇಕೆ ಹೇಳಿದ ಎಂದು ಈಗ ಗೊತ್ತಾಗುತ್ತದೆ. ತಂಗಿಯ ಪಕ್ಕ ಕೂತು ದಿನಾ ಸೋಲುವುದನ್ನು ಯಾರು ಬೇಡಿಯಾರು? ಆ ದಿನ ನನಗೆ ಅದು ಗೊತ್ತಾಗಲಿಲ್ಲ. ಅಡುಗೆ ಕೋಣೆಗೆ ಹೋಗಿ ಪಾತ್ರೆ ಇಟ್ಟೆ. ಸ್ಲೇಟು ಅಲ್ಲೇ ಇತ್ತು. ನನ್ನ ಬಾಯಿಂದ ಮಾತು ತೆಗೆದುಕೊಂಡು ಮಾತಾಡುವವನು ನನ್ನನ್ನೇ ಬೇಡ ಎಂದನಲ್ಲ ಎಂಬುದೊಂದೇ ಮಧ್ಯಾಹ್ನವಿಡೀ ಒಳಗೆ ಕುದಿಯಿತು.

ಹೊತ್ತು ಕಂತುವಾಗ ಹೊರಟೆವು. ಹೊಸ ಅಂಗಿ ಹಾಕಿದ ಶೀನಣ್ಣ ಮುಂದೆ, ಬುಟ್ಟಿ ಹೊತ್ತ ನಾನು ಹಿಂದೆ, ಚಿಕ್ಕಯ್ಯನ ಹೆಗಲು ಹಿಡಿದು ಅಪ್ಪಯ್ಯ ಅಂಚಿನ ಮೇಲೆ. ಬೈಲಿನ ತುಂಬ ಸಣ್ಣ ಸಣ್ಣ ಬೆಂಕಿ ಎದ್ದಿತ್ತು. ಮೇಲಿನ ಎರಡು ಸಣ್ಣ ಕುಡಿಗದ್ದೆಗಳಲ್ಲಿ ಕರೆಯುವುದಿಲ್ಲ, ದೀಪ ಮಾತ್ರ. ಕರೆಯುವುದು ಮನೆ ಎದುರಿನ ದೊಡ್ಡ ಗದ್ದೆಯಲ್ಲಿ. ಶೀನಣ್ಣ ಕೋಲು ಊರಿದ. ನಾನು ಅವಲಕ್ಕಿ ಕೊಟ್ಟೆ, ಇಟ್ಟ. ಎದೆ ತುಂಬ ಉಸಿರು ಎಳೆದುಕೊಂಡು ಬಲೀಂದ್ರನ ಹೆಸರು ಹಿಡಿದು ಕೂಗಿದ. ಅಂಥ ದನಿಯನ್ನು ನಾನು ಮತ್ತೆ ಕೇಳಿಲ್ಲ. ಬೈಲಿನ ಆಚೆ ಬದಿಯ ಗುಡ್ಡಕ್ಕೆ ತಾಗಿ ತಿರುಗಿ ಬಂತು. ಅಂಚಿನ ಮೇಲೆ ಅಪ್ಪಯ್ಯ ನೆಟ್ಟಗೆ ನಿಂತರು.

ಆಮೇಲೆ ಅವನು ನಿಂತ. ಬಾ ಎನ್ನಬೇಕಿತ್ತು. ತಲೆಯನ್ನು ಒಂಚೂರು ನನ್ನ ಕಡೆ ತಿರುಗಿಸಿದ. ಬೆಂಕಿಯ ಬೆಳಕಿಗೆ ಅವನ ಕಿವಿ ಕೆಂಪಗೆ ಕಾಣುತ್ತಿತ್ತು. ಕೈ ಚಾಚಿದರೆ ತಾಗುವಷ್ಟು ಹತ್ತಿರ. ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಮರೆತಿದ್ದೆ ಎಂದು ಹೇಳಿಕೊಳ್ಳಲು ಎಷ್ಟೋ ವರ್ಷ ಪ್ರಯತ್ನಿಸಿದೆ, ಮರೆತಿರಲಿಲ್ಲ. ಹಲ್ಲು ಕಚ್ಚಿ ಬುಟ್ಟಿಯ ಅಂಚು ಹಿಡಿದುಕೊಂಡು ನಿಂತೆ. ಅವನು ಕಾದ. ಇನ್ನೂ ಕಾದ. ಬೈಲು ಕಾಯುತ್ತಿತ್ತು. ಕಡೆಗೆ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು, ಅದೇ ದೊಡ್ಡ ದನಿಯಲ್ಲಿ, ಕೂಗಿಬಿಟ್ಟ. ಹೋಗಿ ಬಾ ಎಂದ. ಬಾರದ ದೊರೆಯನ್ನು ಕಳಿಸಿ, ಉದ್ದಕ್ಕೆ ‘ಕೂ’ ಎಂದ.

ಯಾರೂ ಕೂ ಕೊಡಲಿಲ್ಲ. ಆಮೇಲೆ ಪಕ್ಕದ ಗದ್ದೆಯಿಂದ ಆಚೆಮನೆಯ ಕುಷ್ಟಣ್ಣನ ದನಿ ಬಂತು. ಅವನಿಗೆ ಎಲ್ಲದರಲ್ಲೂ ತಮಾಷೆ.

‘ಹ್ವಾಯ್! ಬಪ್ಪುಕ್ ಮೊದ್ಲೇ ಕಳ್ಸಿದ್ರ್ಯಾ? ಅವಲಕ್ಕಿ ಉಳಿತ್ ಬಿಡಿ ನಿಮ್ಗೆ!’

ನಗು ಗದ್ದೆಯಿಂದ ಗದ್ದೆಗೆ ಹೋಯಿತು, ಕೂ ಹೋಗಬೇಕಾದ ದಾರಿಯಲ್ಲೇ. ಅದರ ಹಿಂದೆಯೇ ಕೂ ಕೂಡ ಬಂತು, ಅಣಕದ ಕೂ. ಅಪ್ಪಯ್ಯ ಗದ್ದೆಗಿಳಿದು ಬಂದು ಕೋಲನ್ನು ಕಿತ್ತು ಕೆಸರಿಗೆ ಅದ್ದಿದರು. ಬೆಂಕಿ ಸೊಂಯ್ ಎಂದು ಆರಿತು. ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಅಳುತ್ತಾ ನಿಜ ಹೇಳಿಬಿಡುತ್ತಿದ್ದೆನೋ ಏನೋ. ಅಂಚು ಹತ್ತುವಾಗ ಆ ಕಟ್ಟಿದ ಗಂಟಲಲ್ಲಿ, ಉಸಿರಿನಂಥ ದನಿಯಲ್ಲಿ ಹೇಳಿದರು.

‘ನೀನ್ ಇನ್ ಬಾಯಿ ಬಿಡ್ಬೇಡ.’

ಜಗಲಿಯಲ್ಲಿದ್ದ ಅಜ್ಜಿಗೆ ಎಲ್ಲ ಕೇಳಿಸಿತ್ತು. ಕರೆಯದೆ ಕಳಿಸಿದರೆ ಅವನು ಇನ್ನು ನಮ್ಮ ಗದ್ದೆಗೆ ಬರುವುದು ಹೇಗೆ ಎಂದು ಕೈ ಮುಗಿದು ಕೂತಿದ್ದಳು. ಆ ಸಲದ ಸುಗ್ಗಿ ಬೆಳೆಗೆ ಹುಳ ಬಿತ್ತು. ಎಲ್ಲರ ಗದ್ದೆಗೂ ಬಿದ್ದಿತ್ತು, ಆದರೆ ನಮ್ಮದಕ್ಕೆ ಮಾತ್ರ ಕಾರಣ ಸಿಕ್ಕಿತ್ತು.

ಅಪ್ಪಯ್ಯ ಸಿಟ್ಟಿನಲ್ಲಿ ಹೇಳಿದ್ದನ್ನು ಶೀನಣ್ಣ ಹಾಗೆಯೇ ನಡೆಸಿದ. ಬೇರೆ ಯಾವ ಪಾಠವೂ ನಿಲ್ಲದ ತಲೆಯಲ್ಲಿ ಅದೊಂದು ನಿಂತಿತು. ಜಗಲಿಯ ಬಾಯಿಪಾಠಕ್ಕೆ ಕೂತರೆ ತುಟಿ ಬಿಚ್ಚಲಿಲ್ಲ. ನಾನು ಕಂಬದ ಹಿಂದಿನಿಂದ ಹೇಳಿದೆ, ಮತ್ತೆ ಮತ್ತೆ ಹೇಳಿದೆ, ಅವನು ತಲೆ ತಿರುಗಿಸಲೇ ಇಲ್ಲ. ಶಾಲೆಯ ದಾರಿಯಲ್ಲಿ ಮಕ್ಕಳು ಅವನನ್ನು ಕಂಡ ಕೂಡಲೇ ಕೂ ಹಾಕುತ್ತಿದ್ದರು. ಆ ವರ್ಷ ಮುಗಿಯುವ ಮೊದಲೇ ಶಾಲೆ ಬಿಟ್ಟ. ಕುಂದಾಪುರಕ್ಕೂ ಹೋಗಲಿಲ್ಲ. ಅವನು ಬಿಟ್ಟ ಮೇಲೆ ನನ್ನನ್ನು ಮತ್ತೆ ಕಳಿಸಿಯಾರು ಎಂದು ಒಳಗೊಳಗೇ ಕಾದೆ. ಯಾರಿಗೂ ಅದು ನೆನಪಾಗಲಿಲ್ಲ. ಮುಂದೆ ನೆಂಟರೊಬ್ಬರು ಅವನನ್ನು ಮುಂಬಯಿಯ ಹೋಟೆಲಿಗೆ ಕರೆದುಕೊಂಡು ಹೋದರು. ಯಾವ ಮೇಜಿಗೆ ಯಾವುದು ಎಂಬುದು ಅವನಿಗೆ ನಿಲ್ಲಲಿಲ್ಲ. ಕಪ್ಪು ತೊಳೆಯಲು ಹಾಕಿದರು, ಅಲ್ಲಿಂದಲೂ ತಿರುಗಿ ಬಂದ. ಮದುವೆಯ ಮಾತು ಬಂದಾಗಲೆಲ್ಲ ಹೆಣ್ಣಿನ ಕಡೆಯವರ ಎದುರು ನೆಲ ನೋಡುತ್ತಾ ಕೂತ, ಮೂಗನೋ ಎಂದು ಕೇಳಿ ಹೋದರು.

ಹಟ್ಟಿಯಂಗಡಿಯ ಮನೆ ಪಾಲಾಗಿ ಮಾರಿಹೋಯಿತು. ನಾನು ಮದುವೆಯಾಗಿ ಬಂದ ಹೆಮ್ಮಾಡಿಯ ಮನೆಯಲ್ಲೇ ಈಗ ಅವನೂ ಇದ್ದಾನೆ. ಇಬ್ಬರಿಗೂ ತಲೆ ಬೆಳ್ಳಗಾಗಿದೆ. ಬಸ್ಸಿನ ಬೋರ್ಡು ಓದಲಾಗದ್ದಕ್ಕೆ ಅವನು ಹೆದ್ದಾರಿಯಲ್ಲಿ ನಿಂತು ಪಕ್ಕದವರು ಹತ್ತುವುದನ್ನು ಕಾಯುತ್ತಾನೆ, ಎರಡು ಸಲ ಕುಂದಾಪುರಕ್ಕೆಂದು ಹೊರಟು ಬೈಂದೂರಿನಲ್ಲಿ ಇಳಿದಿದ್ದಾನೆ. ಬ್ಯಾಂಕಿನಲ್ಲಿ ಯಾರಾದರೂ ಕಾಗದ ಚಾಚಿದರೆ ಕಿಸೆ ತಡಕಿ, ಕನ್ನಡಕ ತರಲಿಲ್ಲ ಎಂದು ಕೈಸನ್ನೆ ಮಾಡುತ್ತಾನೆ. ಅವನಿಗೆ ಕನ್ನಡಕವೇ ಇಲ್ಲ. ಮೊಬೈಲಿನಲ್ಲಿ ಹಸಿರು ಒತ್ತುವುದು ಮಾತ್ರ ಗೊತ್ತು, ಒತ್ತಿ ನನ್ನ ಕೈಗೆ ಕೊಡುತ್ತಾನೆ. ಮನೆಯಲ್ಲಿ ನನ್ನೊಡನೆ ಮಾತಾಡುತ್ತಾನೆ, ತಮಾಷೆಯನ್ನೂ ಮಾಡುತ್ತಾನೆ. ಮೂರನೆಯವರು ಅಂಗಳಕ್ಕೆ ಕಾಲಿಟ್ಟರೆ ಮುಗಿಯಿತು.

ಕಳೆದ ವರ್ಷ ಮಗಳ ಮಗಳಿಗೂ ಶಾಲೆಯಲ್ಲಿ ಶೀನಣ್ಣನ ಹಾಗೆಯೇ ಅಕ್ಷರ, ಮಗ್ಗಿ ಯಾವುದೂ ತಲೆಯಲ್ಲಿ ನಿಲ್ಲದಾಯಿತು. ಮಗಳಿಗೆ ಅಳು, ಅಳಿಯನಿಗೆ ಸಿಟ್ಟು. ಟೀಚರು ಕರೆಸಿದಾಗ ಮಗಳ ಜೊತೆಗೆ ನಾನು ಹೋದೆ. ಮಗುವಿಗೆ ಬುದ್ಧಿ ಕಡಿಮೆ ಇದೆಯಾ ಎಂದು ಕೇಳಿದೆ. ಆ ಟೀಚರಿಗೆ ನನ್ನ ಮಗಳಿಗಿಂತಲೂ ಸಣ್ಣ ಪ್ರಾಯ.

‘ಬುದ್ಧಿಗೆ ಏನೂ ಆಗಿಲ್ಲ ಅಮ್ಮ. ಇದು ಕಲಿಕೆಯ ತೊಂದರೆ. ಒಂದರ ನಂತರ ಒಂದು ಬರುವಂಥದ್ದು ಅವಳಿಗೆ ನಿಲ್ಲುವುದಿಲ್ಲ. ಸೋಮಾರಿ ಎಂದು ಬೈಯಬೇಡಿ. ಕಲಿಸುವ ದಾರಿ ಬೇರೆ ಇದೆ, ಅದು ನಮ್ಮ ಕೆಲಸ. ಮನೆಯಲ್ಲಿ ಒಬ್ಬರು ಪಕ್ಕ ಕೂತುಕೊಳ್ಳಿ. ಅವಳು ನಿಂತಲ್ಲಿ ಮುಂದಿನದ್ದನ್ನು ಮೆಲ್ಲಗೆ ಹೇಳಿ. ನಾಲ್ಕು ಜನರ ಎದುರು ಮಾತ್ರ ಒಬ್ಬಳನ್ನೇ ಬಿಡಬೇಡಿ, ಬಾಯಿ ಕಟ್ಟಿಬಿಡುತ್ತದೆ.’

ಮಗಳು ತಲೆಯಾಡಿಸುತ್ತಾ ಕೇಳಿದಳು. ನಾನು ಬೆಂಚಿನ ಅಂಚು ಹಿಡಿದುಕೊಂಡು ಕೂತೆ. ಯಾರೂ ಕಲಿಸದೆ, ಪೋರಿಯಾಗಿದ್ದಾಗ ಕಂಬದ ಹಿಂದೆ ಕೂತು ನಾನು ಮಾಡುತ್ತಿದ್ದದ್ದು ಮದ್ದೇ ಆಗಿತ್ತು. ತಿಳಿಯದೆ ಕೊಟ್ಟ ಮದ್ದನ್ನು ತಿಳಿದೇ ನಿಲ್ಲಿಸಿದವಳೂ ನಾನೇ.

ಮನೆಗೆ ಬಂದಾಗ ಮಧ್ಯಾಹ್ನ. ಶೀನಣ್ಣ ಹಿತ್ತಿಲ ಬಾಗಿಲಲ್ಲಿ ಕೂತು ಕಸ ಗುಡಿಸುವ ಹಿಡಿಗೆಂದು ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದ. ಸೀರೆ ಬದಲಿಸದೆ ಅವನೆದುರು ಕೂತೆ. ಇಷ್ಟು ವರ್ಷ ಗಂಟಲಲ್ಲಿದ್ದದ್ದನ್ನು ಹೇಳಿದೆ.

‘ಅಣ್ಣ, ಆ ದೀಪಾವಳಿ ದಿನ ನಾನ್ ಹೇಳ್ಲಿಲ್ಲ.’

‘ಎಂತ ಹೇಳ್ಲಿಲ್ಲ?’

‘ಬಲೀಂದ್ರನ್ ಕರಿಯೂಕೆ. ನಂಗ್ ಗೊತ್ತಿತ್ತ್. ಬೇಕಂದೇ ಸುಮ್ನೆ ನಿಂತ್ಕಂಡೆ.’

ಅವನು ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದ. ಬೈದರೆ ಸಾಕು ಎಂದು ಕಾದೆ. ಅವನು ನಕ್ಕ.

‘ಹ್ವಾಯ್, ನಿಂಗೆ ಮರ್ತ್ ಹೋಯ್ತ್. ನೀನ್ ಹೇಳಿದ್ದೆ. ನಂಗೇ ಕೇಣ್ಲಿಲ್ಲ.’

‘ಇಲ್ಲ ಅಣ್ಣ. ದೇವ್ರಾಣೆಗೂ ಹೇಳ್ಲಿಲ್ಲ.’

‘ಹೇಳಿದ್ದೆ ಮಾರಾಯ್ತಿ. ದಿನಾ ಹ್ಯಾಳುವಳ್ ಆ ದಿನ ಹೇಳ್ದೆ ಇರ್ತ್ಯಾ? ತಂಗಿ ಕಿವಿ ಹತ್ರ ನಿಂತ್ ಹೇಳಿರೂ ಒಳಗ್ ಹೋಯ್ಲಿಲ್ಲ ಅಂದ್ರೆ, ಇದ್ ಬರೀ ಮರೆವಲ್ಲ, ಮಂಡೆಯೇ ಸಮ ಇಲ್ಲ ಅಂದೇಳಿ ನಂಗೆ ಗೊತ್ತಾದ್ದ್ ಅವತ್ತೇ. ಮತ್ತೆ ಬಾಯಿ ಬಿಡೂಕೆ ಧೈರ್ಯ ಬರ್ಲಿಲ್ಲ.’

ಮತ್ತೆ ಹೇಳಿದೆ, ಅತ್ತು ಹೇಳಿದೆ, ಮಧ್ಯಾಹ್ನದ ಊಟದ ಮಾತು, ಪಾಯಸದ ಪಾತ್ರೆ, ಸ್ಲೇಟು, ಎಲ್ಲ ಹೇಳಿದೆ. ಅವನು ಮಗುವನ್ನು ಸಮಾಧಾನ ಮಾಡುವ ಹಾಗೆ ನನ್ನ ತಲೆ ಮುಟ್ಟಿ, ಬಿಡು, ನಿನಗೂ ಪ್ರಾಯವಾಯಿತು, ನೆನಪು ಅಡಿಮೇಲಾಗುತ್ತದೆ ಎಂದ. ಅವನು ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡರೆ ಆ ತಲೆಯಲ್ಲಿ ಏನೂ ಕೆಟ್ಟಿರಲಿಲ್ಲ ಎಂದಾಗುತ್ತದೆ. ಹಾಗಾದರೆ ಇಷ್ಟು ವರ್ಷದ ಮೌನವನ್ನು ಅವನು ಎಲ್ಲಿ ಇಡಬೇಕು? ನನ್ನ ತಂಗಿ ಹೇಳಿದ್ದಳು ಎಂಬುದೊಂದು ಅವನ ಹತ್ತಿರ ಉಳಿದಿರುವುದು. ಅದನ್ನೂ ಕಿತ್ತುಕೊಳ್ಳಲು ಹೊರಟಿದ್ದೆ.

ಊಟ ಮಾಡಿದೆವು. ಅವನು ಕಿಟಕಿಯ ಮೇಲಿಂದ ರಕ್ತದೊತ್ತಡದ ಗುಳಿಗೆ ತಂದು ಎರಡು ಬಣ್ಣದ್ದನ್ನೂ ಅಂಗೈಯಲ್ಲಿ ಹಿಡಿದು, ತಲೆಯನ್ನು ಒಂಚೂರು ನನ್ನ ಕಡೆ ತಿರುಗಿಸಿ ನಿಂತ.

‘ಈಗ ಯಾವ್ದ್ ಪದ್ದು?’

‘ಬಿಳಿದ್, ಅಣ್ಣ.’

ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಅವನಿಗೆ. ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ ಹೇಳಿದೆ.